ಹಾಡಿನ ದಾರಿ ಬದಲಾದಾಗ

ಪ್ರಶ್ನೆ: ನನಗೆ 38 ವರ್ಷ. ಹದಿನಾಲ್ಕು ವರ್ಷಗಳಿಂದ ನನ್ನದೇ ಭಾವಗೀತೆಗಳನ್ನು ಬರೆದು, ರಾಗ ಹಾಕಿ, ಹಾರ್ಮೋನಿಯಂ ಮತ್ತು ತಬಲಾದೊಂದಿಗೆ ಹಾಡುತ್ತಿದ್ದೇನೆ. ಈಚೆಗೆ ಹೊಳೆಯುವ ಹಾಡುಗಳೇ ಬೇರೆ ಬಗೆಯವು. ಅವಕ್ಕೆ ಗಿಟಾರ್, ಬೇಸ್ ಗಿಟಾರ್ ಬೇಕೆನಿಸುತ್ತದೆ. ಕೇಳುಗರು ಹಳೆಯವನ್ನೇ ಹಾಡಿ ಎನ್ನುತ್ತಾರೆ. ಮೊದಲಿನಿಂದ ಜೊತೆಗಿರುವ ತಬಲಾ ವಾದಕರು, ನಾನು ಅಣ್ಣ ಎಂದು ಕರೆಯುವವರು, ‘ಹೆಸರು ತಂದ ದಾರಿಯನ್ನೇ ಬಿಡುತ್ತೀಯಾ’ ಎಂದು ನೊಂದುಕೊಂಡಿದ್ದಾರೆ. ನಾನು ತಪ್ಪು ಮಾಡುತ್ತಿದ್ದೇನೆಯೇ?
— ಹುಬ್ಬಳ್ಳಿಯ ಓದುಗರು

ಉತ್ತರ: ಹಾಡಿನ ವಿಷಯದಲ್ಲಿ ನೀವು ತಪ್ಪು ಮಾಡುತ್ತಿಲ್ಲ. ಅಣ್ಣನ ವಿಷಯದಲ್ಲಿ ಮಾತ್ರ ಒಂದು ಕೆಲಸ ಬಾಕಿ ಇದೆ.

ಕೆನಡಾದ ಗಾಯಕಿ ಜೋನಿ ಮಿಚೆಲ್ ಹೆಸರಾದದ್ದು ಒಂಟಿ ಗಿಟಾರ್ ಹಿಡಿದು ಹಾಡಿದ ತಮ್ಮದೇ ಗೀತೆಗಳಿಂದ. ಒಂಬತ್ತನೆಯ ವಯಸ್ಸಿನಲ್ಲಿ ಬಂದ ಪೋಲಿಯೊ ಅವರ ಎಡಗೈಯನ್ನು ದುರ್ಬಲಗೊಳಿಸಿತ್ತು. ಕಷ್ಟದ ಹಿಡಿತಗಳಿಗೆ ಬೆರಳುಗಳು ಒಗ್ಗದಿದ್ದಾಗ ಅವರು ಬಿರಡೆಗಳನ್ನು ತಿರುವಿ ತಂತಿಗಳ ಶ್ರುತಿಯನ್ನೇ ಬದಲಿಸಿಕೊಂಡರು. ಒಂದು ಬೆರಳನ್ನು ಅಡ್ಡಲಾಗಿ ಒತ್ತಿದರೂ, ಏನನ್ನೂ ಒತ್ತದೆ ಮೀಟಿದರೂ ತುಂಬಿದ ಸ್ವರಮೇಳ ಹೊಮ್ಮುತ್ತಿತ್ತು. ಆ ಸ್ವರಮೇಳಗಳು ರೂಢಿಯ ಚೌಕಟ್ಟಿನಲ್ಲಿ ಕೂರುವಂಥವಲ್ಲ. ಅವುಗಳ ನಡೆಯನ್ನು ಹಿಡಿಯುವುದು ರಾಕ್ ವಾದಕರಿಗೆ ಕಷ್ಟವಾದ್ದರಿಂದ ಜೋನಿ ಜಾಜ್ ವಾದಕರ ಕಡೆ ತಿರುಗಿದರು, ಮತ್ತು 1974ರ ‘ಕೋರ್ಟ್ ಅಂಡ್ ಸ್ಪಾರ್ಕ್’ ಆಲ್ಬಮ್‌ನಲ್ಲಿ ಅಂಥವರ ತಂಡವೇ ಅವರ ಜೊತೆಗಿತ್ತು. ಹೊರಗಿನವರು ಇದನ್ನು ತಿರುವು ಎಂದರು. ಆದರೆ ಆ ತಿರುವಿನ ಬೀಜ ಮೊದಲ ದಿನಗಳ ಶ್ರುತಿಯಲ್ಲೇ ಇತ್ತು.

ಮರುವರ್ಷದ ಆಲ್ಬಮ್ಮನ್ನು ಹಲವು ವಿಮರ್ಶಕರು ಕಟುವಾಗಿ ಟೀಕಿಸಿದರು. ಆದರೂ ಜೋನಿ ಹಿಂದಿರುಗಲಿಲ್ಲ. 1976ರ ‘ಹೆಜಿರಾ’ದ ಕೆಲವು ಹಾಡುಗಳಲ್ಲಿ ಜಾಕೊ ಪಾಸ್ಟೋರಿಯಸ್ ನುಡಿಸಿದ ಫ್ರೆಟ್‌ಗಳಿಲ್ಲದ (ಕತ್ತಿನ ಮೇಲಿನ ಅಡ್ಡಪಟ್ಟಿಗಳಿಲ್ಲದ) ಬೇಸ್, ಹಿಂದೆ ನಿಂತು ಲಯ ಕೊಡುವುದರ ಬದಲು, ಗಾಯಕಿಯ ಪಕ್ಕದಲ್ಲಿ ಇನ್ನೊಂದು ಕಂಠದಂತೆ ನಡೆಯುತ್ತದೆ. ಅವರ ಆಲ್ಬಮ್‌ಗಳಲ್ಲಿ ನನಗೆ ಅದೇ ಅತ್ಯುತ್ತಮ. ಸಂಜೆ ಬಿಡುವು ಮಾಡಿಕೊಂಡು ಕೇಳಿ, ನಿಮ್ಮ ಹೊಸ ಹಾಡುಗಳು ಬೇಸ್ ಬೇಡುತ್ತಿರುವುದೇಕೆಂದು ತಿಳಿಯಬಹುದು.

ಹಳೆಯ ಹಾಡುಗಳನ್ನು ಬಿಡಬೇಕಾಗಿಲ್ಲ. ಜೋನಿ 1969ರಲ್ಲಿ ತಮ್ಮ ಆಲ್ಬಮ್‌ನಲ್ಲಿ ಹಾಡಿದ್ದ ‘ಬೋತ್ ಸೈಡ್ಸ್ ನೌ’ ಗೀತೆಯನ್ನು 2000ದಲ್ಲಿ ವಾದ್ಯವೃಂದದೊಂದಿಗೆ ಮತ್ತೆ ಹಾಡಿದರು. ಆ ವೇಳೆಗೆ ದನಿ ಬಹಳ ತಗ್ಗಿತ್ತು, ಹಾಡು ನಿಧಾನವಾಗಿತ್ತು, ಮತ್ತು ಇಪ್ಪತ್ತರ ಹರೆಯದಲ್ಲಿ ಬರೆದ ಮಾತುಗಳು ಅನುಭವಿಸಿದವರ ಮಾತಾಗಿ ಕೇಳಿಸಿದವು.

ಇನ್ನು ಅಣ್ಣನ ಮಾತು. ಹದಿನಾಲ್ಕು ವರ್ಷ ನಿಮ್ಮ ಶ್ರುತಿಗೆ ಸುತ್ತಿಗೆ ಹಿಡಿದು ತಬಲಾ ಹೊಂದಿಸಿದವರು ಅವರು. ಅವರ ನೋವು ಸಂಗೀತಕ್ಕಿಂತ ಹೆಚ್ಚಾಗಿ ತಮ್ಮ ಜಾಗದ ಕುರಿತದ್ದು ಎಂದು ನನಗನಿಸುತ್ತದೆ. ಹೊಸ ವಾದಕರೊಂದಿಗೆ ಅಭ್ಯಾಸ ಶುರುವಾಗುವ ಮೊದಲು ಅವರ ಮನೆಗೆ ಹೋಗಿ, ಯಾವ ವಾದ್ಯವೂ ಇಲ್ಲದೆ ಹೊಸ ಹಾಡುಗಳನ್ನು ಹಾಡಿ ಕೇಳಿಸಿ. ಯಾವುದಕ್ಕೆ ತಬಲಾ ಒಗ್ಗುತ್ತದೆ, ಯಾವುದಕ್ಕೆ ಇಲ್ಲ ಎಂಬುದನ್ನು ಅವರೇ ಹೇಳಲಿ. ಅವರಿಲ್ಲದೆ ಹಾಡಬೇಕಾದವು ಯಾವುವೆಂಬುದನ್ನು ನೀವೇ ಬಾಯಿಬಿಟ್ಟು ತಿಳಿಸಿ. ಅದು ಇನ್ನೊಬ್ಬರ ಮೂಲಕ ಅವರ ಕಿವಿಗೆ ಬೀಳುವುದು ಬೇಡ.