ಓದುಗರ ಪ್ರಶ್ನೆ: ಕಾದವನಿಗೆ ಮೀನು ಸಿಗುತ್ತಾ?

ಕಳೆದ ಸಂಚಿಕೆಯಲ್ಲಿ ಮಳೆಗಾಲದ ಮೀನಿನ ರೇಟಿನ ಬಗ್ಗೆ ಒಬ್ಬರು ಕೇಳಿದ್ದರು. ಅದಕ್ಕೆ ಉತ್ತರ ಕೊಡುವಾಗ, ನಮ್ಮ ಕರಾವಳಿಯಲ್ಲಿ ಮೀನುಗಾರರ ನಡುವೆ ಜಗಳ ಜಾಸ್ತಿ ಆಗಿದೆ ಎಂದು ಒಂದು ಸಾಲು ಬರೆದಿದ್ದೆ. ಬಂದ ಪ್ರಶ್ನೆಗಳೆಲ್ಲ ಆ ಒಂದು ಸಾಲಿನ ಮೇಲೇ. ಹಾಗಾಗಿ ಈ ಸಲ ಪೂರ್ತಿ ಅದೇ ವಿಷಯ.

ಪ್ರಶ್ನೆ: ನಾನು ಬೆಂಗಳೂರಿನಲ್ಲೇ ಹುಟ್ಟಿ ಬೆಳೆದವಳು. ಮಲ್ಪೆ, ಮಂಗಳೂರು ಕಡೆ ಮೀನುಗಾರರ ವಿರುದ್ಧ ಮೀನುಗಾರರೇ ಪ್ರತಿಭಟನೆ ಮಾಡುವುದನ್ನು ಟಿವಿಯಲ್ಲಿ ನೋಡುತ್ತೇನೆ. ರಾತ್ರಿ ಬೆಳಕು ಬಿಟ್ಟು ಮೀನು ಹಿಡಿಯುವ ಲೈಟ್ ಫಿಶಿಂಗ್ ನಿಲ್ಲಿಸಿ ಅಂತ ಒಂದು ಗುಂಪು, ನಮ್ಮ ಹೊಟ್ಟೆಪಾಡು ಅಂತ ಇನ್ನೊಂದು ಗುಂಪು. ಅಷ್ಟು ದೊಡ್ಡ ಕಡಲಿನಲ್ಲಿ ಜಗಳ ಯಾಕೆ ಮೇಡಂ? ಯಾರದು ಸರಿ?
— ಓದುಗರೊಬ್ಬರು, ರಾಜಾಜಿನಗರ

ಉತ್ತರ: ಕಡಲು ದೊಡ್ಡದು, ನಿಜ. ಆದರೆ ಮೀನು ಕಡಲ ತುಂಬಾ ಹರಡಿಕೊಂಡಿರುವುದಿಲ್ಲ. ಬಂಗುಡೆ, ಬೂತಾಯಿ ಎಲ್ಲ ಗುಂಪು ಕಟ್ಟಿಕೊಂಡು ತಿರುಗುವ ಮೀನುಗಳು. ಮೇವು ಎಲ್ಲಿದೆಯೋ ಅಲ್ಲಿಗೆ ಹೋಗುತ್ತವೆ, ಆ ಮೇವು ಜಾಸ್ತಿ ಇರುವುದು ದಡಕ್ಕೆ ಹತ್ತಿರದ ನೀರಿನಲ್ಲಿ. ನಮ್ಮ ರಾಜ್ಯದ ಕರಾವಳಿ ಇರುವುದೇ ಸುಮಾರು 320 ಕಿಲೋಮೀಟರ್. ಅಷ್ಟರೊಳಗೆ ಸಣ್ಣ ಸಾಂಪ್ರದಾಯಿಕ ನಾಡದೋಣಿ, ಮೀನಿನ ಕಿವಿರು ಸಿಕ್ಕಿಕೊಳ್ಳುವ ಗಿಲ್‌ನೆಟ್ ಬಲೆಯವರು, ಕಡಲಿನ ತಳದಲ್ಲಿ ಬಲೆ ಎಳೆಯುವ ಟ್ರಾಲ್ ಬೋಟ್, ಮೀನಿನ ಗುಂಪಿನ ಸುತ್ತ ಬಲೆ ಬಿಡುವ ಪರ್ಸೀನ್ ಬೋಟ್ ಎಲ್ಲವೂ ಅದೇ ಮೀನಿನ ಹಿಂದೆ.

ನಿಮಗೆ ಬೋರ್‌ವೆಲ್ ಕಥೆ ಹೇಳಿದರೆ ಬೇಗ ಅರ್ಥ ಆಗುತ್ತದೆ. 2024ರ ಬೇಸಿಗೆಯಲ್ಲಿ ಬೆಂಗಳೂರಿನಲ್ಲಿ ನೀರಿಗೆ ಎಷ್ಟು ಪರದಾಡಿದೆವು ನೆನಪಿದೆ ಅಲ್ವಾ? ಒಂದು ಮನೆಯವರು ಇನ್ನೂ ಆಳಕ್ಕೆ ಕೊರೆಸುತ್ತಾರೆ, ಪಕ್ಕದ ಮನೆಯ ಬೋರ್ ಬತ್ತುತ್ತದೆ, ಅವರು ಅದಕ್ಕಿಂತ ಆಳಕ್ಕೆ ಹೋಗುತ್ತಾರೆ. ನೆಲದಡಿಯ ನೀರಿಗೆ ಕಾಂಪೌಂಡ್ ಇಲ್ಲ. ಮೀನಿಗೂ ಇಲ್ಲ. ಬಲೆಗೆ ಬೀಳುವ ತನಕ ಅದು ಯಾರದೂ ಅಲ್ಲ, ಬಿದ್ದ ಮೇಲೆ ಹಿಡಿದವನದು. ಇನ್ನೊಂದು ತಿಂಗಳು ಬೆಳೆಯಲಿ ಎಂದು ಸುಮ್ನೆ ಬಿಟ್ಟವನಿಗೆ ಆ ಮೀನು ಮತ್ತೆ ಸಿಗುತ್ತದೆ ಎಂಬ ಗ್ಯಾರಂಟಿ ಇಲ್ಲ, ಯಾಕೆಂದರೆ ಪಕ್ಕದ ಬೋಟಿನವನು ಇವತ್ತೇ ಹಿಡಿದು ದಕ್ಕೆಗೆ, ಅಂದರೆ ಬೋಟು ಬಂದು ನಿಲ್ಲುವ ಕಟ್ಟೆಗೆ, ತಂದು ಮಾರಿರುತ್ತಾನೆ. ಕಾದವನಿಗೆ ನಷ್ಟ, ಆತುರಪಟ್ಟವನಿಗೆ ಲಾಭ. ನನ್ನ ಪ್ರಕಾರ ಈ ಜಗಳಗಳ ಬೇರು ಇರುವುದು ಇಲ್ಲೇ.

ನಾನು ಗಂಗೊಳ್ಳಿ ಹತ್ತಿರದವಳು. ಬೆಂಗಳೂರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ನಮ್ಮ ಅಜ್ಜಿ ರಂಪಣಿ ಬಲೆಯ ಕಾಲದವರು. ರಂಪಣಿ ಎಂದರೆ ದಡದಿಂದ ಎಳೆಯುವ ಭಾರೀ ಉದ್ದದ ಬಲೆ. ದೋಣಿಯಲ್ಲಿ ಒಂದು ಸುತ್ತು ಹಾಕಿ ಬಂದು, ಎರಡೂ ತುದಿ ಹಿಡಿದು ಊರಿಗೆ ಊರೇ ಎಳೆಯಬೇಕು. ಹತ್ತಾರು ಮನೆ ಸೇರದೆ ಅದು ನಡೆಯುತ್ತಲೇ ಇರಲಿಲ್ಲ. ಹಗ್ಗಕ್ಕೆ ಕೈ ಹಾಕಿದವರಿಗೆಲ್ಲ ಪಾಲು. ಮೀನು ದಡಕ್ಕೆ ಬರುವ ತನಕ ಕಾಯಬೇಕಿತ್ತು, ಎಲ್ಲರೂ ಕಾಯುತ್ತಿದ್ದರು, ಆದ್ದರಿಂದ ಯಾರಿಗೂ ಕಾಯುವುದು ನಷ್ಟ ಅನ್ನಿಸುತ್ತಿರಲಿಲ್ಲ. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಮೀನಿನ ಗುಂಪು ಇದ್ದಲ್ಲಿಗೇ ಬೋಟ್ ಹೋಗಿ, ಸುತ್ತ ಬಲೆ ಬಿಟ್ಟು, ಕೆಳಗಿನ ಬಳೆಗಳಲ್ಲಿ ಪೋಣಿಸಿದ ಹಗ್ಗ ಎಳೆದರೆ ಬಲೆಯ ಬುಡ ಚೀಲದ ಬಾಯಿಯ ಹಾಗೆ ಮುಚ್ಚಿಕೊಳ್ಳುತ್ತದೆ. ದಡಕ್ಕೆ ಬರಬೇಕಾದ ಬಂಗುಡೆ ಹೊರಗೇ ಮುಗಿಯತೊಡಗಿತು. ಆ ದಶಕದ ಕೊನೆಯ ವರ್ಷಗಳಲ್ಲಿ ದೊಡ್ಡ ಗಲಾಟೆಗಳೇ ಆದವು. ರಂಪಣಿ ಹೋಯಿತು. ಈಗ ಅಲ್ಲಲ್ಲಿ ಅದರ ಚಿಕ್ಕ ರೂಪವಾದ ಕೈರಂಪಣಿ ಉಳಿದಿದೆ, ಅಷ್ಟೇ.

ಆದರೆ ಇದನ್ನು ಒಳ್ಳೆಯವರು ಕೆಟ್ಟವರ ಕಥೆ ಮಾಡಬೇಡಿ. ರಂಪಣಿ ಎಳೆದವರ ಮನೆಯ ಮಕ್ಕಳೇ ಎಷ್ಟೋ ಮಂದಿ ಪರ್ಸೀನ್ ಬೋಟ್ ಹತ್ತಿದರು. ಇವತ್ತಿಗೂ ಒಂದೇ ಮನೆಯಲ್ಲಿ ಅಣ್ಣ ನಾಡದೋಣಿಯಲ್ಲಿ, ತಮ್ಮ ಟ್ರಾಲ್ ಬೋಟಿನಲ್ಲಿ ಇರುತ್ತಾರೆ.

ಇನ್ನು ಲೈಟ್ ಫಿಶಿಂಗ್. ಬೋಟಿನಲ್ಲಿ ಜನರೇಟರ್ ಇಟ್ಟು ರಾತ್ರಿ ನೀರಿನ ಮೇಲೆ ಭಾರೀ ಎಲ್‌ಇಡಿ ಬೆಳಕು ಬಿಡುತ್ತಾರೆ. ಬೆಳಕಿಗೆ ಮೀನು ಬಂದು ಸೇರುತ್ತದೆ, ದೊಡ್ಡದೂ ಬರುತ್ತದೆ, ಮರಿಯೂ ಬರುತ್ತದೆ. ಸುತ್ತ ಪರ್ಸೀನ್ ಬಲೆ ಬಿಟ್ಟರೆ ಆಯಿತು. ಬೆಳಗ್ಗೆ ಹೋದ ನಾಡದೋಣಿಯವನಿಗೆ ಬರೀ ನೀರು. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ಲೈಟ್ ಫಿಶಿಂಗನ್ನೂ, ಎರಡು ಬೋಟ್ ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲನ್ನೂ ನಿಷೇಧಿಸಿದೆ. ಹಾಗಾಗಿ ಯಾರದು ಸರಿ ಎಂದು ಕೇಳಿದರೆ ನನ್ನ ಉತ್ತರ ಸ್ಪಷ್ಟ: ಲೈಟ್ ಫಿಶಿಂಗ್ ತಪ್ಪು. ಆದರೆ ಹೊಟ್ಟೆಪಾಡು ಅಂತ ಹೇಳುವವನೂ ಸುಳ್ಳು ಹೇಳುತ್ತಿಲ್ಲ. ಅವನ ತಲೆ ಮೇಲೆ ಬೋಟಿನ ಸಾಲ ಇದೆ, ಡೀಸೆಲ್ ಖರ್ಚು ಇದೆ, ಬೋಟಿನಲ್ಲಿ ದುಡಿಯುವವರ ಪಾಲು ಕೊಡಬೇಕು. "ನಾನೊಬ್ಬ ಲೈಟ್ ಆರಿಸಿದರೆ ಪಕ್ಕದವನು ಆರಿಸ್ತಾನಾ?" ಎಂದು ಕೇಳುತ್ತಾನೆ. ಆ ಪ್ರಶ್ನೆಗೆ ಉತ್ತರ ಸಿಗದೆ ಲೈಟ್ ಆರುವುದಿಲ್ಲ.

ಪ್ರಶ್ನೆ: ಜೂನ್, ಜುಲೈ ಮೀನುಗಾರಿಕೆ ರಜೆ ಅಂತಾರೆ, ಆದರೆ ನಾಡದೋಣಿಗೆ ಬಿಡುತ್ತಾರೆ. ಮೀನು ಮೊಟ್ಟೆ ಇಡುವ ಕಾಲ ಅಂದ ಮೇಲೆ ಎಲ್ಲರಿಗೂ ಒಂದೇ ನಿಯಮ ಇರಬೇಕಲ್ಲವೇ?
— ಸಾಫ್ಟ್‌ವೇರ್ ಉದ್ಯೋಗಿ, ಮಾರತಹಳ್ಳಿ

ಉತ್ತರ: ಕೇಳುವುದಕ್ಕೆ ನ್ಯಾಯವಾಗಿದೆ, ಆದರೆ ಕಡಲಿನಲ್ಲಿ ನಿಂತು ನೋಡಿದರೆ ಬೇರೆ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ ಯಾಂತ್ರೀಕೃತ ಬೋಟುಗಳಿಗೆ ರಜೆ. ನಮ್ಮ ರಾಜ್ಯದಲ್ಲಿ 10 ಅಶ್ವಶಕ್ತಿಯವರೆಗಿನ ಇಂಜಿನ್ ಇರುವ ನಾಡದೋಣಿ ಆಗಲೂ ಹೋಗಬಹುದು. ಹೋಗಬಹುದು ಎಂದ ಮಾತ್ರಕ್ಕೆ ದಿನಾ ಹೋಗುವುದಕ್ಕೆ ಆಗುವುದಿಲ್ಲ. ಆ ಅಲೆಯಲ್ಲಿ ಸಣ್ಣ ದೋಣಿ ದಾಟಿಸುವುದು ಎಂದರೆ ಏನು ಎಂದು ದಡದಲ್ಲಿ ನಿಂತು ನೋಡಿದವರಿಗೆ ಗೊತ್ತು. ನನ್ನ ಸೋದರಮಾವ ನಾಡದೋಣಿಯವರು. ಮಳೆಗಾಲದಲ್ಲಿ ಅವರು ಮೊದಲು ತೂಫಾನ್ ಏಳುವುದನ್ನು ಕಾಯುತ್ತಾರೆ. ಕಡಲು ಒಮ್ಮೆ ಚೆನ್ನಾಗಿ ಕದಡಿ, ಆಮೇಲೆ ಸ್ವಲ್ಪ ತಣ್ಣಗಾದರೆ ಮೀನು ದಡದ ಹತ್ತಿರ ಬರುತ್ತದೆ. ತೂಫಾನ್ ಆಗದ ವರ್ಷ ದೋಣಿ ದಡದಲ್ಲೇ. ಹೋಗಲು ಸಿಗುವುದು ಬೆರಳೆಣಿಕೆಯ ದಿನ. ಅದರ ಮೇಲೆ ನಾಡದೋಣಿ ದೂರ ಹೋಗುವುದಿಲ್ಲ, ಕಡಲಿನ ತಳ ಗುಡಿಸುವುದೂ ಇಲ್ಲ. ಹಿಂದೆ ನಮ್ಮಲ್ಲಿ ನೂಲು ಹುಣ್ಣಿಮೆಗೆ ಸಮುದ್ರ ಪೂಜೆ ಮಾಡಿ, ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟ ಮೇಲೆಯೇ ದೊಡ್ಡ ಬಲೆ ನೀರಿಗೆ ಇಳಿಯುತ್ತಿತ್ತು. ಮಳೆಗಾಲದ ರಜೆ ಸರ್ಕಾರ ಹೊಸದಾಗಿ ಕಂಡುಹಿಡಿದದ್ದಲ್ಲ.

ರಜೆಯಲ್ಲಿ ಬೋಟಿನ ಕಾರ್ಮಿಕರ ಗತಿ ಏನು ಎಂದು ಯಾರೂ ಕೇಳಲಿಲ್ಲ, ನಾನೇ ಹೇಳುತ್ತೇನೆ. ಉಳಿತಾಯ ಮತ್ತು ಪರಿಹಾರ ಯೋಜನೆ ಎಂದು ಒಂದಿದೆ. ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರ್ಕಾರ 3,000 ಸೇರಿಸಿ 4,500 ಕೊಡುತ್ತದೆ. ಆ ಹಣ ಬರುವುದು ಮೂರು ತಿಂಗಳ ಕಂತಿನಲ್ಲಿ. ತಿಂಗಳಿಗೆ 1,500ರಲ್ಲಿ ಯಾವ ಮನೆ ನಡೆಯುತ್ತದೆ ನೀವೇ ಹೇಳಿ. ರಜೆ ಬೇಕು, ಆದರೆ ರಜೆಯ ಭಾರವನ್ನೆಲ್ಲ ಬಡವನ ಮೇಲೆ ಹಾಕಬಾರದು.

ಪ್ರಶ್ನೆ: ಕಾನೂನು ಇದೆ ಅಂತೀರಿ, ನಿಷೇಧ ಇದೆ ಅಂತೀರಿ. ಹಾಗಾದರೆ ಗಲಾಟೆ ನಿಲ್ಲುವುದಿಲ್ಲ ಯಾಕೆ? ಎಲ್ಲಾದರೂ ನಿಂತ ಉದಾಹರಣೆ ಇದೆಯಾ?
— ನಿವೃತ್ತ ಶಿಕ್ಷಕರು, ಬಸವನಗುಡಿ

ಉತ್ತರ: ಸರ್, ಕಾನೂನು ಬಹಳ ಇದೆ. ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ದಡದ ಹತ್ತಿರದ ನೀರು ಸಾಂಪ್ರದಾಯಿಕ ಮೀನುಗಾರರಿಗೆ ಎಂಬ ಮಾತು ನಿಯಮದಲ್ಲಿದೆ. ಕಷ್ಟ ಬರುವುದು ಆ ಗೆರೆ ಕಾಯುವವರು ಯಾರು ಎಂಬಲ್ಲಿ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್ ರಾಜ್ಯದ ಜವಾಬ್ದಾರಿ. ಅದರಾಚೆ 200 ನಾಟಿಕಲ್ ಮೈಲಿಯವರೆಗೆ ಕೇಂದ್ರದ್ದು. ನೀರಿನ ಮೇಲೆ ಗೆರೆ ಕಾಣುವುದಿಲ್ಲ. ಇಲ್ಲಿಯ ಬೋಟ್ ಗೋವಾಕ್ಕೆ ಹೋದರೆ ಅಲ್ಲಿಯವರಿಗೆ ಸಿಟ್ಟು, ತಮಿಳುನಾಡು, ಕೇರಳದ ಬೋಟ್ ಇಲ್ಲಿಗೆ ಬಂದರೆ ನಮಗೆ ಸಿಟ್ಟು.

ನನ್ನ ಮಾವನದೇ ಒಂದು ಸಂಗತಿ. ಕೆಲವು ವರ್ಷದ ಹಿಂದೆ ರಾತ್ರಿ ಬಿಟ್ಟಿದ್ದ ಬಲೆಯ ಮೇಲೆ ಒಂದು ಟ್ರಾಲ್ ಬೋಟ್ ಹಾದು ಹೋಗಿ ಬಲೆ ಚಿಂದಿಯಾಯಿತು. ಸಾಲ ಮಾಡಿ ತಂದ ಬಲೆ. ಬೋಟ್ ಯಾವುದೆಂದು ಕತ್ತಲಲ್ಲಿ ಕಾಣಲಿಲ್ಲ. ದೂರು ಕೊಟ್ಟರು, ಯಾರೂ ಸಿಗಲಿಲ್ಲ. ಮರುದಿನ ದಕ್ಕೆಯಲ್ಲಿ ಎರಡು ಗುಂಪು ಕೈ ಕೈ ಮಿಲಾಯಿಸುವುದು ಸ್ವಲ್ಪದರಲ್ಲಿ ತಪ್ಪಿತು. ಮಾವ ಆಗ ಹೇಳಿದ್ದು ಬಲೆಯ ವಿಷಯ ಅಲ್ಲ. "ಹೇಳಿಕೊಳ್ಳುಕೆ ಒಂದ್ ಜಾಗ ಇಲ್ಲ ಮಗಾ" ಎಂದಿದ್ದರು.

ನಿಂತ ಉದಾಹರಣೆ ಇದೆ. ಟರ್ಕಿಯಲ್ಲಿ ಅಲಾನ್ಯಾ ಎಂಬ ಊರು, ಅಲ್ಲಿ ನೂರರಷ್ಟು ಸಣ್ಣ ಮೀನುಗಾರರು. ಒಳ್ಳೆಯ ಜಾಗಕ್ಕಾಗಿ 1970ರ ಹೊತ್ತಿಗೆ ಹೊಡೆದಾಟವೇ ಆಗುತ್ತಿತ್ತು. ಕೊನೆಗೆ ಅವರೇ ಕೂತು ಒಂದು ಉಪಾಯ ಮಾಡಿದರು. ಬಲೆ ಬಿಡುವ ಜಾಗಗಳಿಗೆಲ್ಲ ಹೆಸರಿಟ್ಟು ಪಟ್ಟಿ ಮಾಡಿದರು. ಸೆಪ್ಟೆಂಬರಿನಲ್ಲಿ ಚೀಟಿ ಎತ್ತುವುದು. ಸಿಕ್ಕ ಜಾಗದಿಂದ ಶುರು ಮಾಡಿ, ಜನವರಿವರೆಗೆ ಪ್ರತಿಯೊಬ್ಬರೂ ದಿನಕ್ಕೆ ಒಂದು ಜಾಗ ಪೂರ್ವಕ್ಕೆ ಸರಿಯುವುದು, ಆಮೇಲೆ ಪಶ್ಚಿಮಕ್ಕೆ. ಎಲ್ಲರಿಗೂ ಒಳ್ಳೆಯ ಜಾಗ ಒಂದು ದಿನ ಬಂದೇ ಬರುತ್ತದೆ. ಕಾವಲಿಗೆ ಪೊಲೀಸರು ಬೇಕಾಗಲಿಲ್ಲ, ಯಾಕೆಂದರೆ ಯಾರಾದರೂ ಮೋಸ ಮಾಡಿದರೆ ಆ ದಿನ ಆ ಜಾಗಕ್ಕೆ ಬರಬೇಕಾದವನೇ ಹಿಡಿಯುತ್ತಾನೆ, ಅವನ ಹಿಂದೆ ಉಳಿದವರೂ ನಿಲ್ಲುತ್ತಾರೆ, ನಾಳೆ ಆ ಜಾಗ ಅವರಿಗೂ ಬರಬೇಕಲ್ಲ. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಈ ಊರನ್ನು ಉದಾಹರಣೆಯಾಗಿ ಬಳಸಿದ್ದಾರೆ. ಆ ವಿಭಾಗದಲ್ಲಿ ನೊಬೆಲ್ ಪಡೆದ ಮೊದಲ ಮಹಿಳೆ ಅವರು. ನಮ್ಮ ಹತ್ತಿರದಲ್ಲೂ ಇದೆ. ತಮಿಳುನಾಡು, ಆಂಧ್ರದ ಗಡಿಯ ಪುಲಿಕಾಟ್ ಸರೋವರದಲ್ಲಿ ಪಾಡು ಎಂಬ ಪದ್ಧತಿ, ಅಲ್ಲೂ ಚೀಟಿ ಮತ್ತು ಸರದಿ. ಕೇರಳದ ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪು ಹೆಕ್ಕುವವರು ಡಿಸೆಂಬರಿನಿಂದ ಫೆಬ್ರವರಿವರೆಗೆ ಕೈ ಕಟ್ಟಿ ಕೂರುತ್ತಾರೆ. ಅವರ ಚಿಪ್ಪಿಗೆ 2014ರಲ್ಲಿ ಸುಸ್ಥಿರ ಮೀನುಗಾರಿಕೆಯ ಅಂತರರಾಷ್ಟ್ರೀಯ ಪ್ರಮಾಣಪತ್ರ ಸಿಕ್ಕಿತು, ಭಾರತದಲ್ಲಿ ಅದು ಮೊದಲನೆಯದು.

ಚಿಪ್ಪು ಓಡಾಡುವುದಿಲ್ಲ, ಬಂಗುಡೆ ಓಡಾಡುತ್ತದೆ, ಹಾಗಾಗಿ ಅದನ್ನೇ ಮಲ್ಪೆಯಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಆದರೆ ಈ ಮೂರೂ ಕಡೆ ಕಾದವನಿಗೆ ಅವನ ಪಾಲು ಸಿಕ್ಕಿತು, ಗೆರೆ ಹಾಕುವಾಗ ಅವನೂ ಕೂತಿದ್ದ. ನಮ್ಮಲ್ಲಿ ನಾಡದೋಣಿಯವರು, ಟ್ರಾಲ್‌ನವರು, ಪರ್ಸೀನಿನವರು ಒಂದೇ ಮೇಜಿನ ಸುತ್ತ ಕೂರುವುದು ಗಲಾಟೆ ಆದ ಮೇಲೆ, ಅಧಿಕಾರಿಗಳು ಕರೆದಾಗ. ಗಲಾಟೆಗೆ ಮೊದಲು, ಪ್ರತಿ ಬಂದರಿನಲ್ಲಿ, ತಿಂಗಳಿಗೊಮ್ಮೆ ಕೂರಬೇಕು. ಮೀನು ಮಾರುವ ಹೆಂಗಸರನ್ನೂ ಕೂರಿಸಬೇಕು. ಯಾವ ಬೋಟ್ ಎಂಥಾ ಮರಿಮೀನು ತಂದಿದೆ ಎಂದು ಬುಟ್ಟಿ ನೋಡಿಯೇ ಹೇಳಬಲ್ಲವರು ಅವರು.

ಪ್ರಶ್ನೆ: ನಮ್ಮೂರು ಕಾರವಾರ, ಇಲ್ಲಿ ಪಿಜಿಯಲ್ಲಿದ್ದು ಓದುತ್ತಿದ್ದೇನೆ. ಬಂದರು, ನೌಕಾನೆಲೆ ಇವುಗಳ ಬಗ್ಗೆ ಯಾಕೆ ಬರೆಯುವುದಿಲ್ಲ?
— ವಿದ್ಯಾರ್ಥಿನಿ, ಬನಶಂಕರಿ

ಉತ್ತರ: ಬರೆಯಬೇಕಿತ್ತು, ನೀವು ಕೇಳಿದ್ದು ಸರಿ. ಮೀನುಗಾರರ ಒಳಗಿನ ಜಗಳ ಒಂದಾದರೆ, ಹೊರಗಿನಿಂದ ಬಂದು ದಡವನ್ನೇ ಕೇಳುವವರ ಜೊತೆಗಿನ ಜಗಳ ಇನ್ನೊಂದು. ಸೀಬರ್ಡ್ ನೌಕಾನೆಲೆಗಾಗಿ ಎದ್ದುಹೋದ ಊರುಗಳ ಕಥೆ ನಿಮ್ಮ ಮನೆಯಲ್ಲೇ ಕೇಳಿರುತ್ತೀರಿ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಖಾಸಗಿ ಬಂದರಿನ ವಿರುದ್ಧ ಮೀನುಗಾರರು ವರ್ಷಗಟ್ಟಲೆ ಹೋರಾಡುತ್ತಿದ್ದಾರೆ. ಆ ಮರಳು ಬರೀ ಮರಳಲ್ಲ. ದೋಣಿ ಎಳೆದಿಡುವುದು ಅಲ್ಲಿ, ಮೀನು ಒಣಗಿಸುವುದು ಅಲ್ಲಿ, ಕಡಲಾಮೆ ಮೊಟ್ಟೆ ಇಡುವುದೂ ಅಲ್ಲೇ. ಇಂಥ ಜಾಗ ಹೋದರೆ ಕಡಲಿನ ಹಕ್ಕು ಕಾಗದದಲ್ಲಿ ಇದ್ದರೂ ಉಪಯೋಗವಿಲ್ಲ.

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಮೀನು ಕೊಳ್ಳುವವರು. ನಮ್ಮಿಂದ ಏನಾದರೂ ಆಗುತ್ತದಾ? ಬೈಗೆ, ತಾರ್ಲೆ, ಬೂತಾಯಿ ಬೇರೆ ಬೇರೆಯಾ?
— ಗೃಹಿಣಿ, ವಿಜಯನಗರ

ಉತ್ತರ: ಮೂರೂ ಒಂದೇ ಮೀನು. ಕುಂದಾಪುರ ಕಡೆ ಬೈಗೆ, ಕಾರವಾರ ಕಡೆ ತಾರ್ಲೆ, ತುಳುವಿನಲ್ಲಿ ಬೂತಾಯಿ, ಕೇರಳದವರಿಗೆ ಮತ್ತಿ. ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ ಮೀನು 2021ರಲ್ಲಿ 3,297 ಟನ್‌ಗೆ ಇಳಿದಿತ್ತು. ಅದಕ್ಕೆ ಕಡಲು ಬಿಸಿಯಾಗುವುದೂ ಕಾರಣ, ಮರಿ ಹಿಡಿಯುವುದೂ ಕಾರಣ. ಆಮೇಲೆ ಮತ್ತೆ ಚೇತರಿಸಿಕೊಂಡಿದೆ.

ಅಂಗಡಿಯಲ್ಲಿ ಅಳತೆ ನೋಡಿ. ಕೇರಳದಲ್ಲಿ ಬೂತಾಯಿ 10 ಸೆಂಟಿಮೀಟರ್, ಬಂಗುಡೆ 14 ಸೆಂಟಿಮೀಟರ್‌ಗಿಂತ ಚಿಕ್ಕದಿದ್ದರೆ ಹಿಡಿಯುವಂತಿಲ್ಲ. ಬೆಂಗಳೂರಿನಲ್ಲಿ ಕೊಳ್ಳುವಾಗಲೂ ಅದೇ ಲೆಕ್ಕ ಇಟ್ಟುಕೊಳ್ಳಿ. ಅಗ್ಗಕ್ಕೆ ಸಿಕ್ಕಿತು ಅಂತ ಬೆರಳುದ್ದದ ಬಂಗುಡೆ ತರಬೇಡಿ, ಅದು ಒಮ್ಮೆಯೂ ಮೊಟ್ಟೆ ಇಟ್ಟಿರುವುದಿಲ್ಲ. ಹಾಗಂತ ಮರಿಮೀನೆಲ್ಲ ಅಂಗಡಿಗೇ ಬರುತ್ತದೆ ಎಂದೂ ಅಲ್ಲ, ಬಹಳಷ್ಟು ಸೀದಾ ಮೀನನ್ನು ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆಗೆ ಹೋಗುತ್ತದೆ. ಜೂನ್ 15ರಿಂದ ಪೂರ್ವ ಕರಾವಳಿಯ ರಜೆ ಮುಗಿದಿರುತ್ತದೆ, ಆಗ ಚೆನ್ನೈ, ವಿಶಾಖಪಟ್ಟಣ ಕಡೆಯ ಮೀನು ಸಿಗುತ್ತದೆ. ಯಾವ ಬಂದರಿನದು ಎಂದು ಕೇಳಿ ಕೊಳ್ಳಿ. ನಾಡದೋಣಿಯ ಬೈಗೆ ಸಿಕ್ಕಿದರೆ ಚೌಕಾಸಿ ಮಾಡಬೇಡಿ. ಹುಣಸೆ ಹುಳಿ ಸ್ವಲ್ಪ ಮುಂದೆ ಇರಲಿ, ಸಾರು ಮಾಡಿ ಒಂದು ರಾತ್ರಿ ಇಟ್ಟು ಮರುದಿನ ತಿನ್ನಿ.