ಗುರ್ ಅನ್ನುವ ನಾಯಿಗೆ ಹೊಡೆಯಬೇಡಿ

ಪ್ರಶ್ನೆ: ನಮ್ಮ ಮನೆಯಲ್ಲಿ ರಾಜ ಅಂತ ಎರಡು ವರ್ಷದ ನಾಟಿ ನಾಯಿ ಇದೆ. ಅನ್ನ ತಿನ್ನುವಾಗ ಯಾರಾದರೂ ಹತ್ತಿರ ಹೋದರೆ ಗುರ್ ಅನ್ನುತ್ತಿತ್ತು. ನಮ್ಮ ಯಜಮಾನರು ಪ್ರತಿ ಸಲ ಪೇಪರ್ ಸುತ್ತಿ ಮೂತಿಗೆ ಹೊಡೆದರು. ಈಗ ಗುರುಗುಟ್ಟುವುದು ನಿಂತಿದೆ. ಆದರೆ ಮೊನ್ನೆ ಸದ್ದೇ ಮಾಡದೆ ನನ್ನ ಏಳು ವರ್ಷದ ಮಗನ ಕೈಗೆ ಬಾಯಿ ಹಾಕಿತು. ಹಲ್ಲು ತಾಗಿ ಸಣ್ಣ ಗೀರು ಬಿದ್ದಿದೆ. "ಮನೆಗೆ ಯಜಮಾನ ಯಾರು ಅಂತ ನಾಯಿಗೆ ತೋರಿಸಬೇಕು" ಅನ್ನುತ್ತಾರೆ ನಮ್ಮ ಮಾವ. ಏನು ಮಾಡಲಿ?
— ಓದುಗರು, ಹಾಸನ

ಉತ್ತರ: ಮೊದಲು ಮಗನ ಕೈ. ಪತ್ರ ಬಂದ ದಿನವೇ ನಿಮಗೆ ಫೋನ್ ಮಾಡಿ ಹೇಳಿದ್ದೇನೆ, ಉಳಿದವರಿಗಾಗಿ ಇಲ್ಲಿ ಮತ್ತೆ ಹೇಳುತ್ತೇನೆ. ರಕ್ತ ಬರದಿದ್ದರೂ ಹಲ್ಲಿನ ಗೀರು ಗೀರೇ. ನಲ್ಲಿ ನೀರಿನ ಕೆಳಗೆ ಹಿಡಿದು ಸೋಪು ಹಾಕಿ 15 ನಿಮಿಷ ತೊಳೆಯಿರಿ. ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಚುಚ್ಚುಮದ್ದು ಶುರುಮಾಡಿಸಿ. ಅರಿಶಿನ, ಸುಣ್ಣ, ಕಾಫಿಪುಡಿ ಯಾವುದನ್ನೂ ಹಚ್ಚಬೇಡಿ. ನಮ್ಮ ನಾಯಿಗೆ ಲಸಿಕೆ ಆಗಿದೆ ಅಂತ ಸುಮ್ನೆ ಕೂರಬೇಡಿ, ವೈದ್ಯರು ನೋಡಿ ಹೇಳಲಿ.

ಇನ್ನು ರಾಜನ ವಿಷಯ. ಅವನು ಗುರ್ ಅಂದಿದ್ದು "ಹತ್ತಿರ ಬರಬೇಡಿ, ನನಗೆ ಭಯ ಆಗುತ್ತಿದೆ" ಅಂತ ತಿಳಿಸಲು. ಕಚ್ಚದೆ ಬಾಯಿಮಾತಿನಲ್ಲೇ ಹೇಳುವ ಒಳ್ಳೆಯ ನಾಯಿ ಅವನು. ಏಟು ಬಿದ್ದಾಗ ನಿಂತಿದ್ದು ಆ ಸದ್ದು ಮಾತ್ರ. ತಟ್ಟೆ ಕಿತ್ತುಕೊಳ್ಳುತ್ತಾರೆ ಅನ್ನುವ ಭಯ ಹಾಗೇ ಉಳಿಯಿತು. ಮನುಷ್ಯರು ಹತ್ತಿರ ಬಂದರೆ ಮೂತಿಗೆ ಪೆಟ್ಟು ಬೀಳುತ್ತದೆ ಅನ್ನುವುದೂ ಅದಕ್ಕೆ ಸೇರಿಕೊಂಡಿತು. ಎಚ್ಚರಿಸಿದರೆ ಹೊಡೆಯುತ್ತಾರೆ ಅಂತ ಕಲಿತ ನಾಯಿ ಎಚ್ಚರಿಸದೆ ಬಾಯಿ ಹಾಕುತ್ತದೆ. ಮನೆಯಲ್ಲಿ ಮಗು ಇರುವಾಗ ಇದಕ್ಕಿಂತ ಅಪಾಯ ಬೇರೆ ಇಲ್ಲ.

ಮಾವನವರ ಮಾತನ್ನು ನಾನು ಮೈಸೂರಿನಲ್ಲಿ ನಾಯಿಗಳಿಗೆ ತರಬೇತಿ ಕೊಡಲು ಹೋಗುವ ಎಷ್ಟೋ ಮನೆಗಳಲ್ಲಿ ಕೇಳುತ್ತೇನೆ. ಆ ನಂಬಿಕೆಗೆ ಬಲ ಕೊಟ್ಟಿದ್ದು 1947ರ ಒಂದು ಅಧ್ಯಯನ. ರುಡಾಲ್ಫ್ ಶೆಂಕೆಲ್ ಎಂಬವರು ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳು ಜಗಳ ಆಡುವುದನ್ನು ನೋಡಿ ಅದನ್ನು ಬರೆದರು. ಗುದ್ದಾಡಿ ಗೆದ್ದದ್ದೇ ಗುಂಪಿನ ನಾಯಕ ಅನ್ನುವ ಮಾತನ್ನು ಜನ ತೋಳದ ವಂಶದ ನಾಯಿಗೂ ಅಂಟಿಸಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಡೇವಿಡ್ ಮೆಕ್ 1999ರಲ್ಲಿ ಸ್ಪಷ್ಟವಾಗಿ ಹೇಳಿದರು: ಅಲ್ಲಿನ ಗುಂಪು ಎಂದರೆ ಸಾಮಾನ್ಯವಾಗಿ ಅಪ್ಪ, ಅಮ್ಮ ಮತ್ತು ಅವರ ಮಕ್ಕಳು. ಗುದ್ದಾಡಿ ಪಟ್ಟ ಏರಿದ ನಾಯಕ ಅಲ್ಲಿಲ್ಲ. ರಾಜನಿಗೂ ನಿಮ್ಮ ಮನೆಯ ಯಜಮಾನಿಕೆ ಬೇಕಾಗಿಲ್ಲ. ತನ್ನ ಅನ್ನ ತನಗೆ ಉಳಿಯುತ್ತದೆ ಅನ್ನುವ ಧೈರ್ಯ ಬೇಕು, ಅಷ್ಟೇ.

ಇವತ್ತಿನಿಂದ ಅವನ ಊಟ ಹಿತ್ತಲಲ್ಲಿ, ಬಾಗಿಲು ಹಾಕಿ. ಆ ಹೊತ್ತಿನಲ್ಲಿ ಮಗ ಅತ್ತ ಸುಳಿಯಬಾರದು. ಮುಂದಿನದು ದೊಡ್ಡವರ ಕೆಲಸ. ಕೋಳಿ ಬೇಯಿಸಿ, ಮೂಳೆ ತೆಗೆದು, ಕಡಲೆಬೀಜದಷ್ಟು ಚೂರು ಮಾಡಿಕೊಳ್ಳಿ. ಮಾಂಸ ಮಾಡದ ಮನೆಯಾದರೆ ಪನೀರ್ ಆದೀತು. ರಾಜ ತಿನ್ನುತ್ತಿರುವಾಗ ದೂರದಲ್ಲಿ ನಿಂತು ಅವನನ್ನೇ ನೋಡಿ. ಅಗಿಯುವುದು ಗಕ್ಕನೆ ನಿಂತಿತೇ? ತಲೆ ತಟ್ಟೆಯ ಮೇಲೆ ಬಗ್ಗಿ, ಮೈ ಬಿಗಿಯಾಗಿ, ಕಣ್ಣಂಚಿನ ಬಿಳಿ ಕಾಣುತ್ತಿದೆಯೇ? ಗಬಗಬನೆ ನುಂಗಲು ಶುರುಮಾಡಿದನೇ? ಹಾಗಾದರೆ ನೀವು ತುಂಬಾ ಹತ್ತಿರ ಇದ್ದೀರಿ. ಹಿಂದೆ ಸರಿಯಿರಿ. ಅವನು ನಿರಾಳವಾಗಿ ತಿನ್ನುವಷ್ಟು ದೂರದಿಂದ ತಟ್ಟೆಯ ಕಡೆಗೆ ಒಂದು ಚೂರು ಎಸೆದು, ಮಾತಾಡದೆ ಹೊರಟುಹೋಗಿ. ಪ್ರತಿ ಊಟಕ್ಕೂ ಹೀಗೇ ಮಾಡಿ.

ಕುವೆಂಪುನಗರದ ಒಂದು ಮನೆಯಲ್ಲಿ ಕರಿಯ ಅನ್ನುವ ನಾಯಿಗೆ ಹೀಗೇ ಮಾಡಿದೆವು. ಮೊದಮೊದಲು ನನ್ನ ಹೆಜ್ಜೆ ಸದ್ದಿಗೇ ಅವನ ಬೆನ್ನಿನ ಕೂದಲು ನಿಲ್ಲುತ್ತಿತ್ತು. ಆಮೇಲೆ ಒಂದು ಸಂಜೆ ಅದೇ ಸದ್ದಿಗೆ ಅನ್ನ ಬಿಟ್ಟು ತಲೆ ಎತ್ತಿದ. ಕಿವಿ ಸಡಿಲ, ಬಾಯಿ ಅರ್ಧ ತೆರೆದು "ಎಲ್ಲಿ ನನ್ನ ಚೂರು?" ಅನ್ನುವ ಹಾಗೆ ನೋಡಿದ. ರಾಜನೂ ಹಾಗೆ ನೋಡಲು ಶುರುಮಾಡಿದ ಮೇಲೆ ಒಂದೊಂದೇ ಹೆಜ್ಜೆ ಮುಂದೆ ಹೋಗಿ. ಅವಸರ ಬೇಡ. ತಟ್ಟೆಗೆ ಕೈ ಹಾಕಿ ಪರೀಕ್ಷೆ ಮಾಡಲೂ ಬೇಡ. ಇಷ್ಟಾದರೂ ಮತ್ತೆ ಬಾಯಿ ಹಾಕಿದರೆ ಪಶುವೈದ್ಯರಿಗೆ ತೋರಿಸಿ. ಹಲ್ಲುನೋವು, ಕಿವಿನೋವು ಇದ್ದರೂ ನಾಯಿ ಹೀಗೆ ಆಡುತ್ತದೆ.

ಇನ್ನೊಂದು ಮಾತು. ಬಹುಮಾನ ಅಂತ ಕೇಸರಿಬಾತ್, ಪಾಯಸ ಕೊಡುವವರು ಇದ್ದಾರೆ. ಅವುಗಳಲ್ಲಿ ಹಾಕುವ ಒಣದ್ರಾಕ್ಷಿ ನಾಯಿಯ ಕಿಡ್ನಿಯನ್ನೇ ಹಾಳುಮಾಡಬಲ್ಲದು. ಚಾಕೊಲೇಟ್, ಈರುಳ್ಳಿಯೂ ಬೇಡ.

ಪ್ರಶ್ನೆ: ನಮ್ಮದು ಮುಧೋಳ ನಾಯಿ. ಮೈದಾನದಲ್ಲಿ ಬಿಟ್ಟರೆ ಎಷ್ಟು ಕೂಗಿದರೂ ಬರುವುದಿಲ್ಲ. ಕೊನೆಗೆ ಬಂದಾಗ ಬೈದು ಕಟ್ಟಿ ಕರೆದೊಯ್ಯುತ್ತೇನೆ. ಈ ತಳಿಗೆ ಬುದ್ಧಿ ಕಡಿಮೆಯೇ?
— ಓದುಗರು, ಧಾರವಾಡ

ಉತ್ತರ: ಬುದ್ಧಿ ಚೆನ್ನಾಗಿದೆ. ಬಂದರೆ ಬೈಗುಳ ಮತ್ತು ಹಗ್ಗ, ಬರದಿದ್ದರೆ ಇನ್ನಷ್ಟು ಓಟ. ಲೆಕ್ಕ ಸರಿಯಾಗಿಯೇ ಹಾಕಿದೆ ಅಲ್ವಾ?

ಮುಧೋಳ ನಾಯಿ ಬೇಟೆಗೆಂದೇ ಬೆಳೆಸಿದ ತಳಿ. ದೂರದಲ್ಲಿ ಏನಾದರೂ ಅಲುಗಾಡಿದ್ದು ಕಣ್ಣಿಗೆ ಬಿದ್ದರೆ ಸಾಕು, ಕಾಲು ತಾನಾಗಿ ಓಡುತ್ತದೆ. 2005ರಲ್ಲಿ ಅಂಚೆಚೀಟಿಯ ಮೇಲೂ ಬಂದ ನಮ್ಮ ಬಾಗಲಕೋಟೆಯ ಹೆಮ್ಮೆ ಅದು. ಬೇಟೆಯ ಹಿಂದೆ ಬಿದ್ದ ಮೇಲೆ ಕೂಗಿ ಪ್ರಯೋಜನವಿಲ್ಲ. ಅಭ್ಯಾಸ ಅದಕ್ಕೂ ಮೊದಲೇ ಆಗಿರಬೇಕು.

ಸದ್ಯಕ್ಕೆ ಬಿಡುವುದು ನಿಲ್ಲಿಸಿ. ಎದೆಪಟ್ಟಿ ಹಾಕಿ, ಅದಕ್ಕೆ ಮೂವತ್ತು ಅಡಿಯ ಹಗ್ಗ ಕಟ್ಟಿ. ಕುತ್ತಿಗೆ ಪಟ್ಟಿಗೆ ಕಟ್ಟಬೇಡಿ, ಈ ವೇಗಕ್ಕೆ ಕುತ್ತಿಗೆಗೆ ಪೆಟ್ಟಾಗುತ್ತದೆ. ಮನೆಯೊಳಗೆ ಶುರುಮಾಡಿ: ಹೆಸರು ಕರೆಯಿರಿ, ಬಂದ ತಕ್ಷಣ ಮೊಟ್ಟೆ ಚೂರು. ಆಮೇಲೆ ಅಂಗಳ, ಆಮೇಲೆ ಮೈದಾನ. ಬಂದಾಗ ಬಹುಮಾನ ಕೊಟ್ಟು ಮತ್ತೆ ಆಡಲು ಕಳಿಸಿ, ಇದು ತುಂಬಾ ಮುಖ್ಯ. ಕರೆದಾಗ ಬಂದರೆ ಆಟ ಮುಗಿಯಿತು ಅಂತ ಅದಕ್ಕೆ ಅನ್ನಿಸಬಾರದು. ಸ್ನಾನ ಮಾಡಿಸಲು, ಮಾತ್ರೆ ಕೊಡಲು ಕರೆಯಬೇಡಿ. ನೀವೇ ಅದರ ಹತ್ತಿರ ಹೋಗಿ. ಎಷ್ಟೇ ತಡವಾಗಿ ಬಂದರೂ ಬೈಯಬೇಡಿ.

ಪ್ರಶ್ನೆ: ಆಫೀಸಿನಿಂದ ಬಂದಾಗ ನಮ್ಮ ನಾಯಿ ಚಪ್ಪಲಿ ಕಡಿದು ಹಾಕಿರುತ್ತದೆ. ತಪ್ಪು ಮಾಡಿದೆ ಅಂತ ಅದಕ್ಕೆ ಗೊತ್ತು, ತಲೆ ತಗ್ಗಿಸುತ್ತದೆ. ಆದರೂ ಯಾಕೆ ಮಾಡುತ್ತದೆ?
— ಓದುಗರು, ಬೆಂಗಳೂರು

ಉತ್ತರ: ಅದು ತಲೆ ತಗ್ಗಿಸುವುದು ನಿಮ್ಮ ಮುಖ ನೋಡಿ. ಅಮೆರಿಕದ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಮುಟ್ಟಬೇಡ ಎಂದ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದು ಲೆಕ್ಕಕ್ಕೇ ಬರಲಿಲ್ಲ. ಒಡೆಯರು ಬೈದಾಗ ಆ ತಪ್ಪಿತಸ್ಥ ಮುಖ ಜಾಸ್ತಿ ಕಂಡಿತು. ಮಧ್ಯಾಹ್ನ ಕಡಿದ ಚಪ್ಪಲಿಗೆ ಸಂಜೆ ಬೈದರೆ ನಾಯಿ ಕಲಿಯುವುದು ಒಂದೇ: ನೀವು ಮನೆಗೆ ಬರುವ ಹೊತ್ತು ಕೆಟ್ಟದ್ದು.

ಚಪ್ಪಲಿ ಎತ್ತಿಡಿ. ಬೆಳಿಗ್ಗೆ ಹೊರಡುವ ಮುನ್ನ ಒಂದು ಒಳ್ಳೆಯ ವಾಕ್ ಮಾಡಿಸಿ, ದಾರಿಯಲ್ಲಿ ಮೂಸಲು ಬಿಡಿ. ಒಳಗೆ ಟೊಳ್ಳಿರುವ ದಪ್ಪ ರಬ್ಬರ್ ಆಟಿಕೆ ಸಿಗುತ್ತದೆ. ಅದಕ್ಕೆ ಒಗ್ಗರಣೆ ಹಾಕದ ಮೊಸರನ್ನ ತುಂಬಿ ರಾತ್ರಿಯೇ ಫ್ರೀಜರ್‌ನಲ್ಲಿಡಿ. ಬಾಗಿಲು ಹಾಕುವಾಗ ಅದನ್ನು ಕೊಟ್ಟು ಹೋಗಿ.