ದೇಶಭಕ್ತರಷ್ಟೇ ಸೇರಿ ಸ್ವಾವಲಂಬಿ ಊರು ಕಟ್ಟಿದ್ರ ನಡೀತದೇನು?

ನನ್ನ ಪ್ರಕಾರ ಭಾಳ ಕಷ್ಟ ಅದರಿ. ಅಮೆರಿಕದ ಐಡಾಹೊದಾಗ 2012-13ರ ಸುಮಾರಿಗೆ ಸಿಟಾಡೆಲ್ ಅಂತ ಇಂಥದೇ ಪ್ಲ್ಯಾನ್ ಬಂದಿತ್ತು, ಸುತ್ತ ಕೋಟೆಯಂಥ ಗ್ವಾಡಿ, ಒಳಗ 3,500ರಿಂದ 7,000 ಕುಟುಂಬ, ದುಡಿಲಿಕ್ಕೆ ಬಂದೂಕಿನ ಫ್ಯಾಕ್ಟರಿ, ಮನಿಮನಿಗೂ ಬಂದೂಕು ಇರಬೇಕಂತ ಕರಾರು. ಊರು ಮಾತ್ರ ಏಳಲೇ ಇಲ್ಲ. ಮತ್ತ ಬಂದೂಕು ಹೊರಗಿನವರಿಗೇ ಮಾರಬೇಕಲ್ರಿ, ಅಂದಮ್ಯಾಲ ಸ್ವಾವಲಂಬನೆ ಎಲ್ಲಿ ಬಂತು?

ನಮ್ಮ ಬೀದರ್ ನೋಡ್ರಿ. ಬರೇ ಗ್ವಾಡಿಯಿಂದ ಊರು ಉಳೀಲಿಲ್ಲ, ನೀರು ಬೇಕಿತ್ತು. 15ನೇ ಶತಮಾನದಾಗ ಬಹಮನಿಯವರ ಕಾಲಕ್ಕ ಕೆಂಪು ಜಂಬಿಟ್ಟಿಗೆ ಕಲ್ಲು ಕೊರೆದು ನೆಲದಡಿ ಸುರಂಗ ಮಾಡಿ, ನಡುನಡುವೆ ಬಾವಿಯಂಥ ಕಿಂಡಿ ಬಿಟ್ಟು, ಇಳಿಜಾರಿಗೆ ನೀರು ತಾನೇ ಹರಿಯೋಹಂಗ ಮಾಡಿದ್ರು, ನೌಬಾದ್ ಕಡೆ ಇವತ್ತಿಗೂ ಕಾಣ್ತದ. ಆ ಕರೇಜ್ ವಿದ್ಯಾ ಬಂದಿದ್ದು ಪರ್ಷಿಯಾದಿಂದ! ಕಲಬುರಗಿಯವರು ನಾವು ತೊಗರಿ ಬೆಳಿತೀವಿ ಖರೆ, ಆದ್ರ ಉಪ್ಪು, ಡೀಸೆಲ್, ಔಷಧ ಎಲ್ಲಾ ಹೊರಗಿಂದೇ ಬರಬೇಕು.

ಇನ್ನ ದೇಶಭಕ್ತಿ. ನಮ್ಮ ವಿಚಾರ ಒಪ್ಪದವರೂ ಈ ದೇಶದವರೇ ಅಲ್ಲೇನ್ರಿ, ಅವರನ್ನ ಹೊರಗಿಟ್ಟು ಎಂಥಾ ದೇಶಪ್ರೇಮ? ನಾಳೆ ಒಳಗಿನವರ ಮಕ್ಕಳೇ ಬ್ಯಾರೆ ವಿಚಾರ ಮಾಡಿದ್ರ ಏನ್ ಮಾಡ್ತಾರ, ಊರು ಬಿಡಿಸ್ತಾರೇನು? ಇಂಥಾ ಊರಿಗೆ ರೊಕ್ಕ ಹಾಕೋರು ಮೊದಲು ಇದನ್ನ ಕೇಳ್ರಿ, ಆಮ್ಯಾಲ ನೀರು, ದವಾಖಾನಿ ಎಲ್ಲಿ ಅದ ಅಂತ ಕೇಳ್ರಿ.